ಎಪ್ಪತ್ತೈದೋ ನೂರಿಪ್ಪತ್ತೋ: ಒಂದು ಮನೆ ಕಾರಿನ ಆಲ್ಟರ್ನೇಟರ್ ಲೆಕ್ಕ

ತಮ್ಮ ಕಾರಿಗೆ ಎಷ್ಟು ಆಂಪಿಯರ್ ಕರೆಂಟು ಬೇಕು ಅಂತ ಲೆಕ್ಕ ಹಾಕಿ ಮೇಷ್ಟ್ರು ತಂದ ಹಾಳೆಯ ಕೊನೆಯಲ್ಲಿ 210 ಅಂತ ಬರೆದು ಅಡಿಗೆ ಎರಡು ಗೆರೆ ಎಳೆದಿತ್ತು. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ, ‘ಎಲ್ಲ ಒಟ್ಟಿಗೆ ಉರಿಯುವುದಿಲ್ಲ, 120 ಸಾಕು’. ಡಿಕ್ಕಿಯಲ್ಲಿ ಗೋಣಿಚೀಲದಲ್ಲಿ ಸುತ್ತಿದ ಒಂದು ಹಳೇ ಆಲ್ಟರ್ನೇಟರ್ (ಎಂಜಿನ್ ತಿರುಗುವಾಗ ಕಾರಿಗೆ ಕರೆಂಟು ಹುಟ್ಟಿಸುವ ಯಂತ್ರ) ಇತ್ತು, 120 ಆಂಪಿಯರ್‌ನದು. ‘ಇದನ್ನ ಕೂರಿಸಿಕೊಡಿ, ಕೂಲಿ ಎಷ್ಟಾದರೂ ಆಗಲಿ’ ಅಂದರು. ಕೂರಿಸಲಿಲ್ಲ. ಯಾಕೆ ಕೂರಿಸಲಿಲ್ಲ, ಬದಲಿಗೆ ಏನು ಮಾಡಿದೆವು, ಅದಕ್ಕೂ ಮುಂಚೆ ನಾನು ಎಲ್ಲಿ ಎಡವಿದ್ದೆ ಅನ್ನುವುದನ್ನು ಬರೆದಿಡುತ್ತಿದ್ದೇನೆ. ಇಂಥ ಕಾರು ವರ್ಷಕ್ಕೆ ನಾಲ್ಕೈದಾದರೂ ಅಂಗಡಿಗೆ ಬರುತ್ತವೆ.

ಹಾಸನದ ಕಡೆ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವವನು ನಾನು. ಕಾರಿನವರ ಹೆಸರು, ಊರು, ಕಾರಿನ ಮಾಡೆಲ್ ಹೇಳುವುದಿಲ್ಲ. ಯಜಮಾನರು ಶಾಲಾ ಮೇಷ್ಟ್ರು, ಅಷ್ಟು ಸಾಕು.

ಏಳು ಸೀಟಿನ ಡೀಸೆಲ್ ಗಾಡಿ, ಹತ್ತು ವರ್ಷ ದಾಟಿದ್ದು. ಕಾಮನ್ ರೈಲ್ ಎಂಜಿನ್, ಅಂದರೆ ಡೀಸೆಲ್ ಸಿಡಿಸುವುದನ್ನು ಕಂಪ್ಯೂಟರ್ ನೋಡಿಕೊಳ್ಳುವಂಥದ್ದು. ಹಿಂದಿನ ಸೀಟಿಗೂ ಎ.ಸಿ. ಕಂಪನಿಯಿಂದ ಬಂದ ಆಲ್ಟರ್ನೇಟರ್ 75 ಆಂಪಿಯರ್‌ನದು. ನಮ್ಮ ಹಳಬರು ಇದನ್ನು ಈಗಲೂ ಡೈನಮೋ ಅಂತಾರೆ. ಮೇಷ್ಟ್ರ ಮನೆಯಿಂದ ಶಾಲೆಗೆ ನಡೆದು ಹೋಗುವಷ್ಟೇ ದೂರ. ಹಾಗಾಗಿ ಸೋಮವಾರದಿಂದ ಶುಕ್ರವಾರದವರೆಗೆ ಕಾರು ಶೆಡ್ಡಿನಲ್ಲಿ. ಶನಿವಾರ, ಭಾನುವಾರ ಮನೆಮಂದಿಯೆಲ್ಲ ಹೊರಡುತ್ತಾರೆ.

ಹತ್ತು ವರ್ಷದಲ್ಲಿ ಕಾರಿಗೆ ಒಂದೊಂದೇ ಸಾಮಾನು ಸೇರಿಕೊಂಡಿತ್ತು. ಹೆಡ್‌ಲೈಟಿಗೆ 100/90 ವ್ಯಾಟಿನ ಬಲ್ಬು, ಮುಂದೆ 55 ವ್ಯಾಟಿನ ಎರಡು ಫಾಗ್ ಲ್ಯಾಂಪು, ಮಗನ ಆಸೆಗೆ ಒಂದು ಆಂಪ್ಲಿಫೈಯರ್, ಮೊಮ್ಮಗುವಿನ ಹಾಲಿಗೆ ಚಿಕ್ಕ ಫ್ರಿಜ್ಜು, ಮೊಬೈಲ್ ಚಾರ್ಜರ್‌ಗಳು, ಮುಂದಿನ ಗಾಜಿಗೆ ಒಂದು ಡ್ಯಾಶ್ ಕ್ಯಾಮೆರಾ. ಯಾವುದೂ ದೊಡ್ಡದಲ್ಲ. ಒಂದೊಂದನ್ನೇ ಕೇಳಿದರೆ ನಾನೂ ‘ಹಾಕ್ಕೊಳ್ಳಿ’ ಅಂತಲೇ ಹೇಳುತ್ತಿದ್ದೆ.

ಜುಲೈ ತಿಂಗಳ ಒಂದು ರಾತ್ರಿ ಸುಬ್ರಹ್ಮಣ್ಯಕ್ಕೆ ಹೊರಟಿದ್ದರು. ಶಿರಾಡಿ ಘಾಟಿಯಲ್ಲಿ, ಗುಂಡ್ಯ ಇನ್ನೂ ದೂರ ಇರುವಾಗ ಮುಂದೆ ಎಲ್ಲೋ ಮಣ್ಣು ಕುಸಿದು ಸಾಲು ನಿಂತಿತು. ಮಳೆ ಜೋರು. ಒಳಗೆ ಆರು ಜನ, ಗಾಜು ಮಂಜಾಗುತ್ತದೆ ಅಂತ ಎ.ಸಿ. ಹಾಕಿದ್ದರು. ಹೆಡ್‌ಲೈಟು, ಫಾಗ್ ಲ್ಯಾಂಪು, ವೈಪರು, ಹಾಡು, ಫ್ರಿಜ್ಜು ಎಲ್ಲ ಚಾಲೂ. ಎಂಜಿನ್ ಐಡಲಿನಲ್ಲೇ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಧಾನ ತಿರುಗುತ್ತಾ ಇತ್ತು. ಐವತ್ತು ನಿಮಿಷ ಆದಮೇಲೆ ಡ್ಯಾಶ್‌ಬೋರ್ಡಿನಲ್ಲಿ ಒಂದೊಂದೇ ದೀಪ ಹೊತ್ತಿಕೊಂಡವು. ಆಮೇಲೆ ಎಂಜಿನ್ನೇ ನಿಂತಿತು. ಸೆಲ್ಫ್ ಹೊಡೆದರೆ ಟಕ್ ಟಕ್ ಅಷ್ಟೇ.

ತಳ್ಳಿ ಸ್ಟಾರ್ಟ್ ಮಾಡಲು ಆಗುವ ಗಾಡಿಯಲ್ಲ ಇದು. ಕಂಪ್ಯೂಟರಿಗೆ, ಇಂಜೆಕ್ಟರಿಗೆ ವೋಲ್ಟ್ ಇಲ್ಲದಿದ್ದರೆ ಎಷ್ಟು ತಳ್ಳಿದರೂ ಸುಮ್ನೆ ಬೆವರು. ಹಿಂದಿದ್ದ ಲಾರಿಯ ಡ್ರೈವರ್ ಕೇಬಲ್ ಕೊಟ್ಟು ಉಳಿಸಿದರು. ದೊಡ್ಡ ಲಾರಿಯದು 24 ವೋಲ್ಟು, ಎರಡು ಬ್ಯಾಟರಿ ಸಾಲಿಗೆ ಇರುತ್ತವೆ. ಎರಡನ್ನೂ ಸೇರಿಸಿ ಕೊಟ್ಟಿದ್ದರೆ ಕಾರಿನ ಕಂಪ್ಯೂಟರ್ ಸುಟ್ಟು ಹೋಗಬಹುದಿತ್ತು. ಆ ಪುಣ್ಯಾತ್ಮ ಚಾಸಿಗೆ ಅರ್ತ್ ಆಗಿದ್ದ ಒಂದೇ ಬ್ಯಾಟರಿಗೆ ಸಿಕ್ಕಿಸಿದ್ದರಂತೆ. ಕೆಲಸ ಗೊತ್ತಿದ್ದವರು.

ಈಗ ನನ್ನ ತಪ್ಪು. ಇದಕ್ಕೆ ಎಂಟು ತಿಂಗಳ ಮುಂಚೆಯೇ ಅದೇ ಕಾರು ‘ಬ್ಯಾಟರಿ ಡೌನ್ ಆಗ್ತಿದೆ’ ಅಂತ ನನ್ನಲ್ಲಿಗೆ ಬಂದಿತ್ತು. ಬೆಳಿಗ್ಗೆ ಹೊತ್ತು, ತಣ್ಣಗಿದ್ದ ಎಂಜಿನ್. ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಒತ್ತಿ ಎಂಜಿನನ್ನು ನಿಮಿಷಕ್ಕೆ 2000 ಸುತ್ತಿಗೆ ಏರಿಸಿ, ಬ್ಯಾಟರಿ ಮೇಲೆ ಮೀಟರ್ ಇಟ್ಟೆ. 14.2 ವೋಲ್ಟ್ ಬಂತು. ‘ಚಾರ್ಜಿಂಗ್ ಓಕೆ, ಬ್ಯಾಟರಿ ವೀಕು’ ಅಂದೆ. ಹೊಸ 65 ಆಂಪಿಯರ್-ಅವರ್ (ಒಂದು ಆಂಪಿಯರ್‌ನಂತೆ 65 ಗಂಟೆ ಕೊಡುವಷ್ಟು) ಬ್ಯಾಟರಿ ಹಾಕಿಸಿಕೊಂಡು ಹೋದರು. ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಅಂಗಡಿಯಲ್ಲಿ ಪರೀಕ್ಷೆ ಅಂದರೆ ಇಷ್ಟೇ. ಒಂದು ಲೈಟೂ ಹಾಕದೆ, ಬಿಸಿ ಆಗುವ ಮುಂಚೆ, ಏರಿಸಿದ ಎಂಜಿನಿನಲ್ಲಿ 14.2 ಬಂದರೆ ವೋಲ್ಟನ್ನು ಹದದಲ್ಲಿಡುವ ರೆಗ್ಯುಲೇಟರ್ ಬದುಕಿದೆ ಅಂತ ಗೊತ್ತಾಗುತ್ತದೆ. ಕರೆಂಟು ಸಾಲುತ್ತದೋ ಇಲ್ಲವೋ ಅದು ಹೇಳುವುದಿಲ್ಲ.

ಘಾಟಿ ಘಟನೆ ಆದಮೇಲೆ ಮೇಷ್ಟ್ರು ನನ್ನ ಮಾತನ್ನು ನಂಬದೆ ತಾವೇ ಲೆಕ್ಕ ಹಾಕಿದ್ದರು. ಆ 210 ಎಲ್ಲಿಂದ ಬಂತು ಅಂತ ನೋಡಿದೆ. ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲಿದ್ದ ಅಂಕಿಗಳನ್ನು ಕೂಡಿಸಿದ್ದರು! ಆಂಪ್ಲಿಫೈಯರ್ 40, ಫ್ಯಾನ್ 30, ಮುಂದಿನ ಬ್ಲೋವರ್ 30, ಹಿಂದಿನದು 20, ಹೀಗೆ. ಫ್ಯೂಸಿನ ಅಂಕಿ ವೈರನ್ನು ಕಾಯುವ ಅಂಕಿ. ಆ ಲೈನ್ ನಿಜವಾಗಿ ಎಷ್ಟು ಎಳೆಯುತ್ತದೆ ಅನ್ನುವುದಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ. 40ರ ಫ್ಯೂಸಿನ ಆಂಪ್ಲಿಫೈಯರ್ ಮನೆಮಂದಿ ಕೇಳುವ ಸದ್ದಿನಲ್ಲಿ ನಾಲ್ಕೈದು ಆಂಪಿಯರ್ ಎಳೆದರೆ ಹೆಚ್ಚು. ಮೇಷ್ಟ್ರ ಮುಖ ಸಣ್ಣದಾಯಿತು. ನಾನೂ 14.2 ನೋಡಿ ಕಳಿಸಿದವನೇ ಅಲ್ವಾ, ನಗಲು ಬಾಯಿ ಬರಲಿಲ್ಲ.

ದಾರಿ ತೋರಿಸಿದ್ದು ಅವರ ಹೆಂಡತಿಯ ಒಂದು ಮಾತು. ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದವರು, ‘ಲಾರಿ ಹಿಂದೆ ನಿಂತಾಗೆಲ್ಲ ಬ್ಲೋವರ್ ಸದ್ದು ಸಣ್ಣಗಾಗುತ್ತೆ. ಹೊರಟ ತಕ್ಷಣ ಜೋರಾಗುತ್ತೆ. ಹೋದ ವರ್ಷದಿಂದ ಹೇಳ್ತಾನೇ ಇದ್ದೀನಿ’ ಅಂದರು. ಅದೇ ಇಡೀ ಕಾಯಿಲೆಯ ಲಕ್ಷಣ. ಕಾರು ನಿಂತಾಗ ಕರೆಂಟು ಸಾಲುತ್ತಿಲ್ಲ. ಹಾಗಾದರೆ ಆಲ್ಟರ್ನೇಟರಿನ ತಗಡಿನ ಮೇಲೆ ಏನು ಬರೆದಿದೆ ಅನ್ನುವುದಕ್ಕಿಂತ, ಐಡಲಿನಲ್ಲಿ, ಅದೂ ಬಿಸಿಯಾದಮೇಲೆ, ಎಷ್ಟು ಕೊಡುತ್ತದೆ ಅನ್ನುವುದನ್ನು ಮೊದಲು ನೋಡಬೇಕಿತ್ತು.

ತಗಡಿನ ಅಂಕಿಯ ಕಥೆ ಇದು. 75 ಅಂದರೆ ಆಲ್ಟರ್ನೇಟರ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಕೊಡುವ ಕರೆಂಟು. ಪರೀಕ್ಷೆ ಆಗುವುದು ತಂಪಾದ ಕೋಣೆಯಲ್ಲಿ. ಈ ಕಾರಿನ ಎಂಜಿನ್ ಪುಲ್ಲಿ ದೊಡ್ಡದು, ಆಲ್ಟರ್ನೇಟರ್ ಪುಲ್ಲಿ ಚಿಕ್ಕದು. ಎಂಜಿನ್ ಒಂದು ಸುತ್ತಿಗೆ ಆಲ್ಟರ್ನೇಟರ್ ಎರಡೂವರೆ ಸುತ್ತು. ಐಡಲ್ 800 ಇದ್ದರೆ ಆಲ್ಟರ್ನೇಟರಿಗೆ 2000 ಮಾತ್ರ. 6000 ಬೇಕಾದರೆ ಎಂಜಿನ್ 2400 ಓಡಬೇಕು. ಕೆಲವು ಆಲ್ಟರ್ನೇಟರಿನ ತಗಡಿನ ಮೇಲೆ ಎರಡು ಅಂಕಿ ಇರುತ್ತವೆ. ಚಿಕ್ಕ ಅಂಕಿ ನಿಧಾನ ತಿರುಗುವಾಗಿನದು. ಊರಿನ ಟ್ರಾಫಿಕ್ಕಿಗೆ, ಘಾಟಿ ಜಾಮಿಗೆ ನೋಡಬೇಕಾದ್ದು ಆ ಚಿಕ್ಕದನ್ನೇ. ಅಂಗಡಿಯಲ್ಲಿ ಅದನ್ನು ಕೇಳಿ ಕೊಳ್ಳುವ ಗಿರಾಕಿಯನ್ನು ನಾನಂತೂ ಕಂಡಿಲ್ಲ.

ಈ ಸಲ ಸಂಜೆ ಅಳೆದೆವು. ಮೇಷ್ಟ್ರು ಹತ್ತು ಕಿಲೋಮೀಟರ್ ಓಡಿಸಿಕೊಂಡು ಬಂದರು. ಬಾನೆಟ್ ಮುಚ್ಚಿ ಇನ್ನೂ ಇಪ್ಪತ್ತು ನಿಮಿಷ ಐಡಲಿನಲ್ಲಿ ಬಿಟ್ಟೆವು. ಒಂದು ಕ್ಲಾಂಪ್ ಮೀಟರ್ ಆಲ್ಟರ್ನೇಟರಿನ ದಪ್ಪ ವೈರಿಗೆ, ಇನ್ನೊಂದು ಬ್ಯಾಟರಿ ವೈರಿಗೆ. ಮೊದಲನೆಯದು ದುಡಿಮೆ ಎಷ್ಟು ಅಂತ ಹೇಳುತ್ತದೆ. ಎರಡನೆಯದು ಬ್ಯಾಟರಿ ಉಳಿಸುತ್ತಿದೆಯೋ ಸಾಲ ಕೊಡುತ್ತಿದೆಯೋ ಅಂತ ಹೇಳುತ್ತದೆ. ಕ್ಲಾಂಪ್ ಮೀಟರ್ ಡಿ.ಸಿ. ಅಳೆಯುವಂಥದ್ದೇ ಆಗಬೇಕು. ಮನೆ ವೈರಿಂಗಿನವರ ಹತ್ತಿರ ಇರುವ ಅಗ್ಗದ್ದನ್ನು ತಂದು ಹಾಕಿದರೆ ಸೊನ್ನೆ ತೋರಿಸುತ್ತದೆ.

ಮಗ ಒಳಗೆ ಕೂತು ಒಂದೊಂದೇ ಸ್ವಿಚ್ ಹಾಕುತ್ತಾ ಹೋದ. ಮೇಷ್ಟ್ರು ಅದೇ ಹಾಳೆಯ ಹಿಂಬದಿಗೆ ಬರೆದುಕೊಂಡರು. ಎಂಜಿನ್ ಓಡಲಿಕ್ಕೇ 9 ಆಂಪಿಯರ್. ಹೆಡ್‌ಲೈಟು, ಹಿಂದಿನ ದೀಪ ಸೇರಿ 16. ಎ.ಸಿ. ಎಲ್ಲಕ್ಕಿಂತ ಹೊಟ್ಟೆಬಾಕ: ಮುಂದಿನ ಬ್ಲೋವರ್ ನಡುವಿನ ವೇಗದಲ್ಲಿ 9, ಹಿಂದಿನದು 6, ಕಂಪ್ರೆಸರ್ ಕ್ಲಚ್ 4, ಮುಂದಿನ ಫ್ಯಾನ್ 12, ಒಟ್ಟು 31. ಗಾಜಿಗೆ ನೀರು ಹಾಕಿ ವೈಪರ್ ಓಡಿಸಿದರೆ 5. ಫಾಗ್ ಲ್ಯಾಂಪು 8. ಹಾಡು 6. ಫ್ರಿಜ್ಜು, ಚಾರ್ಜರು ಸೇರಿ 7. ಕೂಡಿದರೆ 82. ಹಿಂದಿನ ಗಾಜಿನ ಹೀಟರ್ ಹಾಕಿದರೆ ಇನ್ನೂ 13, ಆದರೆ ಅದು ಹತ್ತು ನಿಮಿಷದ ಮಾತು, ಲೆಕ್ಕಕ್ಕೆ ಹಿಡಿಯಲಿಲ್ಲ.

ಎಲ್ಲ ಹಾಕಿಕೊಂಡು ಐಡಲಿನಲ್ಲಿ ನೋಡಿದರೆ ಆಲ್ಟರ್ನೇಟರ್ ಕೊಡುತ್ತಿದ್ದುದು 38. ಬ್ಯಾಟರಿಯಿಂದ ಹೊರಗೆ ಹೋಗುತ್ತಿದ್ದುದು 41. ಎರಡೂ ಕೂಡಿದರೆ 82 ಬರದೆ 79 ಬಂತು, ಯಾಕೆಂದರೆ ವೋಲ್ಟ್ ಇಳಿದಾಗ ದೀಪ, ಬ್ಲೋವರ್ ಎಳೆಯುವುದೂ ಇಳಿಯುತ್ತದೆ. ಸದ್ದು ಸಣ್ಣಗಾಗುತ್ತಿದ್ದುದು ಅದಕ್ಕೇ. ಗಂಟೆಗೆ 41ರಂತೆ ಸೋರಿದರೆ 65ರ ಬ್ಯಾಟರಿ ಎಷ್ಟು ಹೊತ್ತು ಬದುಕೀತು? ಪೂರ್ತಿ ಚಾರ್ಜ್ ಇದ್ದರೂ ಒಂದು ಗಂಟೆ ದಾಟಿ ಸ್ವಲ್ಪ. ಅಷ್ಟು ಜೋರಾಗಿ ಎಳೆದರೆ ಬ್ಯಾಟರಿ ಬರೆದಷ್ಟೂ ಕೊಡುವುದಿಲ್ಲ. ಶಿರಾಡಿಯಲ್ಲಿ ಐವತ್ತು ನಿಮಿಷಕ್ಕೇ ಮುಗಿದದ್ದು ಸರಿಯಾಗಿ ತಾಳೆಯಾಯಿತು. ತಣ್ಣಗಿದ್ದಾಗ ಇದೇ ಆಲ್ಟರ್ನೇಟರ್ 46 ಕೊಟ್ಟಿತ್ತು. ತಾಮ್ರದ ಸುರುಳಿ ಬಿಸಿಯಾದಷ್ಟೂ ತಡೆ ಹೆಚ್ಚುತ್ತದೆ, ಆ 8 ಆಂಪಿಯರ್ ಬಿಸಿಗೇ ಹೋಯಿತು.

ಅಳೆಯುವಾಗಲೇ ಇನ್ನೊಂದು ಸಿಕ್ಕಿತು. ಆಲ್ಟರ್ನೇಟರಿನ ದಪ್ಪ ವೈರಿನ ಲಗ್ (ತುದಿಗೆ ಒತ್ತಿದ ಲೋಹದ ಬಳೆ) ಮೇಲೆ ಬೆರಳಿಟ್ಟೆ, ಚುರ್ ಅಂತು. ರಬ್ಬರ್ ಮುಚ್ಚಳ ಸರಿಸಿದರೆ ವೈರಿನ ಸಿಪ್ಪೆ ಕಂದು ಬಣ್ಣಕ್ಕೆ ತಿರುಗಿತ್ತು, ಒಳಗೆ ಹಸಿರು ಕಿಲುಬು. ಹೆಡ್‌ಲೈಟು, ಎ.ಸಿ. ಮಾತ್ರ ಹಾಕಿ ಎಂಜಿನ್ ಏರಿಸಿ ನೋಡಿದೆ. ಆಲ್ಟರ್ನೇಟರಿನ ಬಾಯಲ್ಲಿ 14.1 ವೋಲ್ಟು, ಬ್ಯಾಟರಿ ಮೇಲೆ 13.0. ದಪ್ಪ ವೈರಿನಲ್ಲಿ 0.8, ಎಂಜಿನಿನಿಂದ ಬಾಡಿಗೆ ಬರುವ ಅರ್ತ್ ಪಟ್ಟಿಯಲ್ಲಿ 0.3 ಕಳೆದು ಹೋಗುತ್ತಿತ್ತು. ಆ ದಾರಿಯಲ್ಲಿ ಒಂದೊಂದು ಕಡೆ 0.2 ದಾಟಿದರೇ ನಾನು ಬಿಚ್ಚಿ ನೋಡುತ್ತೇನೆ. ಈ ಗಾಡಿಯ ರೆಗ್ಯುಲೇಟರ್ ನೋಡುವುದು ತನ್ನ ಬಾಯಿಯ ವೋಲ್ಟನ್ನು. ತಾನು ಸರಿಯಾಗಿ ಕೊಡುತ್ತಿದ್ದೇನೆ ಅಂತ ಅದು ನೆಮ್ಮದಿಯಾಗಿತ್ತು. ಬ್ಯಾಟರಿ ಅರೆಹೊಟ್ಟೆ. ಎಂಟು ತಿಂಗಳ ಹಿಂದೆ ಲೋಡ್ ಇಲ್ಲದೆ, ಅಂದರೆ ಲೈಟು, ಎ.ಸಿ. ಏನೂ ಹಾಕದೆ ಅಳೆದಿದ್ದರಿಂದ ಇದು ನನಗೆ ಕಾಣಲೇ ಇಲ್ಲ.

ಮೂರನೆಯದು ಡ್ಯಾಶ್ ಕ್ಯಾಮೆರಾ. ಕಾರು ನಿಂತಾಗಲೂ ಕಾಯಲಿ ಅಂತ ಯಾರೋ ಅದನ್ನು ನೇರ ಬ್ಯಾಟರಿ ಲೈನಿಗೆ ಕೊಟ್ಟಿದ್ದರು. ಬೀಗ ಹಾಕಿ ಅರ್ಧ ಗಂಟೆ ಬಿಟ್ಟು ಅಳೆದರೆ 0.2 ಆಂಪಿಯರ್ ಸೋರಿಕೆ. ಒಳ್ಳೆಯ ಗಾಡಿಯಲ್ಲಿ 0.05ರ ಒಳಗಿರಬೇಕು. 0.2 ಏನು ಮಹಾ ಅನ್ನಿಸುತ್ತದೆ. ದಿನಕ್ಕೆ 4.8, ಐದು ದಿನಕ್ಕೆ 24 ಆಂಪಿಯರ್-ಅವರ್. ಶನಿವಾರ ಹೊರಡುವ ಹೊತ್ತಿಗೆ ಬ್ಯಾಟರಿಯ ಮೂರನೇ ಒಂದು ಪಾಲಿಗಿಂತ ಜಾಸ್ತಿ ಖಾಲಿ.

ಈಗ ಗೋಣಿಚೀಲ ಬಿಚ್ಚಿದೆವು. ಆ 120ರದ್ದನ್ನು ಬೆಂಚಿಗೆ ಕಟ್ಟಿ ತಿರುಗಿಸಿದೆ. ಅದರ ಪುಲ್ಲಿ ದೊಡ್ಡದು, ಈ ಎಂಜಿನಿಗೆ ಹಾಕಿದರೆ ಒಂದಕ್ಕೆ ಎರಡೇ ಸುತ್ತು. ಅಂದರೆ ಐಡಲಿನಲ್ಲಿ 1600. ಆ ವೇಗದಲ್ಲಿ ತಣ್ಣಗೆ ಕೊಟ್ಟಿದ್ದು 44 ಆಂಪಿಯರ್! ಕಾರಿನಲ್ಲಿದ್ದ 75ರದ್ದು ತಣ್ಣಗಿದ್ದಾಗ ಕೊಟ್ಟಿದ್ದು 46. ಮೇಷ್ಟ್ರು ಮೀಟರನ್ನು ತಾವೇ ಎರಡು ಸಲ ಬಗ್ಗಿ ನೋಡಿದರು. 5000, 6000ಕ್ಕೆ ಏರಿಸಿದರೆ ನೂರು ದಾಟುತ್ತಿತ್ತು, ಸುಳ್ಳಲ್ಲ. ಆದರೆ ಘಾಟಿಯಲ್ಲಿ ಲಾರಿ ಹಿಂದೆ ನಿಂತವರಿಗೆ ಆ ನೂರರಿಂದ ಏನು ಸಿಗುತ್ತದೆ?

‘ಚಿಕ್ಕ ಪುಲ್ಲಿ ಹಾಕಿದರೆ?’ ಅಂದ ಮಗ. ಹುಡುಗ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದ. ಹಾಕಬಹುದಿತ್ತು. ಅಷ್ಟು ಕರೆಂಟು ತೆಗೆಯುವಾಗ ಬೆಲ್ಟ್ ಜಾರದಂತೆ ನೋಡಿಕೊಳ್ಳಬೇಕು, ಎಂಜಿನಿನಿಂದ ನಾಲ್ಕು ಹಾರ್ಸ್‌ಪವರಿನ ಹತ್ತಿರ ಎಳೆಯುತ್ತದೆ. ವೈರೂ ದಪ್ಪ ಆಗಬೇಕು. ಅದೆಲ್ಲ ಮಾಡಿದರೂ ಒಂದು ಅಡ್ಡಿ ಉಳಿಯುತ್ತಿತ್ತು. ಕಾರಿನ ಹಳೇ ಆಲ್ಟರ್ನೇಟರನ್ನು ತಿರುಗಿಸಿ ಅದರ ಹಿಂಬದಿ ತೋರಿಸಿದೆ. ಬಾಲದಲ್ಲಿ ಚಿಕ್ಕ ಡಬ್ಬಿಯಂಥದ್ದು, ಅದಕ್ಕೊಂದು ಎಣ್ಣೆ ಪೈಪು, ಒಂದು ಗಾಳಿ ಪೈಪು. ಅದು ವ್ಯಾಕ್ಯೂಮ್ ಪಂಪು. ಡೀಸೆಲ್ ಎಂಜಿನಿಗೆ ಪೆಟ್ರೋಲ್ ಎಂಜಿನಿನ ಹಾಗೆ ತಾನಾಗಿ ಸೆಳೆತ ಹುಟ್ಟುವುದಿಲ್ಲ. ಇಂಥ ಹಲವು ಗಾಡಿಗಳಲ್ಲಿ ಬ್ರೇಕ್ ಪೆಡಲನ್ನು ಹಗುರ ಮಾಡುವ ಬೂಸ್ಟರಿಗೆ ಬೇಕಾದ ಸೆಳೆತ ಆಲ್ಟರ್ನೇಟರಿನ ಬಾಲದಿಂದಲೇ ಬರುತ್ತದೆ. ಚೀಲದಲ್ಲಿ ಬಂದದ್ದಕ್ಕೆ ಬಾಲವೇ ಇಲ್ಲ. ಕೂರಿಸಿದ್ದರೆ ಕರೆಂಟು ಬಂದರೂ ಬ್ರೇಕ್ ಪೆಡಲ್ ಕಲ್ಲಾಗುತ್ತಿತ್ತು. ಅದೂ ಶಿರಾಡಿ ಇಳಿಜಾರಿನಲ್ಲಿ, ಏಳು ಜನ ತುಂಬಿಕೊಂಡು. ಮೇಷ್ಟ್ರ ಹೆಂಡತಿ ಟೀ ಲೋಟ ಕೆಳಗಿಟ್ಟು, ‘ಅದನ್ನ ಚೀಲಕ್ಕೆ ಹಾಕಿ’ ಅಂದರು. ಅಲ್ಲಿಗೆ 120ರ ಮಾತು ಮುಗಿಯಿತು.

ಹೊಸದು ಕೊಳ್ಳುವ ಮುಂಚೆ ದುಡ್ಡು ಕಡಿಮೆ ಹಿಡಿಯುವ ಕೆಲಸ ಮೊದಲು ಮಾಡೋಣ ಅಂತ ತೀರ್ಮಾನಿಸಿದೆವು. ಆಲ್ಟರ್ನೇಟರಿನಿಂದ ಬ್ಯಾಟರಿಗೆ ಹೊಸ ದಪ್ಪ ವೈರ್, ಸರಿಯಾಗಿ ಒತ್ತಿದ ಲಗ್, ನಡುವೆ ಫ್ಯೂಸು. ಅರ್ತ್ ಪಟ್ಟಿ ಹೊಸದು, ಬಾಡಿಯ ಬಣ್ಣ ಕೆರೆದು ಕೂರಿಸಿದ್ದು. ಹೆಡ್‌ಲೈಟಿಗೆ ಕಂಪನಿ ಅಳತೆಯ 60/55 ವ್ಯಾಟಿನ ಬಲ್ಬು, ಜೊತೆಗೆ ಬ್ಯಾಟರಿಯಿಂದ ನೇರ ಕರೆಂಟು ಹಾಯಿಸುವ ರಿಲೇ. ಸ್ವಿಚ್ಚಿನ ಹಳೇ ತೆಳು ವೈರಿನಲ್ಲಿ ಕಳೆಯುತ್ತಿದ್ದ ವೋಲ್ಟ್ ಉಳಿದದ್ದರಿಂದ ‘ಬೆಳಕು ಕಡಿಮೆ ಆಯ್ತು’ ಅಂತ ಯಾರೂ ಹೇಳಲಿಲ್ಲ. ಫಾಗ್ ಲ್ಯಾಂಪು ಹೆಡ್‌ಲೈಟಿನ ಜೊತೆ ತಾನೇ ಹೊತ್ತಿಕೊಳ್ಳುತ್ತಿತ್ತು, ಅದಕ್ಕೆ ಬೇರೆ ಸ್ವಿಚ್ ಕೊಟ್ಟೆ. ಕ್ಯಾಮೆರಾ ಕೀ ಲೈನಿಗೆ ಹೋಯಿತು, ಸೋರಿಕೆ 0.03ಕ್ಕೆ ಇಳಿಯಿತು. ಫ್ರಿಜ್ಜಿನ ಬಗ್ಗೆ ಮನೆಯಲ್ಲಿ ಸಣ್ಣ ಜಗಳವೇ ಆಯಿತು ಅಂತ ಕೇಳಿದೆ. ಕೊನೆಗೆ ಮೊಮ್ಮಗುವಿನ ಹಾಲು ಐಸ್ ಡಬ್ಬಿಗೆ ಹೋಯಿತು.

ವೈರ್ ಬದಲಾದ ಮೇಲೆ ಅದೇ ಲೋಡಿನಲ್ಲಿ ಬ್ಯಾಟರಿ ಮೇಲೆ 13.9. ಮಳೆ ರಾತ್ರಿಯ ಲೋಡು 82ರಿಂದ 65ಕ್ಕೆ ಬಂತು. ಇಲ್ಲಿಗೇ ನಿಲ್ಲಿಸಬಹುದಿತ್ತಾ? ನಾನು ನಿಲ್ಲಿಸುತ್ತಿದ್ದೆನೇನೋ. ಮೇಷ್ಟ್ರು ಬಿಡಲಿಲ್ಲ, ಲೆಕ್ಕದವರು. ಐಡಲಿನಲ್ಲಿ 38 ಬಂದು 65 ಹೋದರೆ ಇನ್ನೂ 27ರ ಸಾಲ. ಎಂಜಿನ್ 1800ರಲ್ಲಿ ಓಡುವಾಗ ಹಳೆಯದು ಬಿಸಿಯಲ್ಲಿ 65ರ ಸುತ್ತಮುತ್ತ ಕೊಡುತ್ತಿತ್ತು. ಅಂದರೆ ಓಡುವಾಗ ದುಡಿದದ್ದು ಅಂದಂದಿಗೆ ಸರಿ, ಬ್ಯಾಟರಿಗೆ ಉಳಿತಾಯ ಸೊನ್ನೆ. ಜಾಮಿನಲ್ಲಿ ಮಾಡಿದ ಸಾಲ ತೀರುವುದು ಯಾವಾಗ?

ಅದೇ ಎಂಜಿನಿನ ಮೇಲಿನ ಮಾಡೆಲಿಗೆ ಕಂಪನಿಯೇ 90 ಆಂಪಿಯರ್‌ನದು ಕೊಟ್ಟಿತ್ತು. ಬೋಲ್ಟಿನ ಜಾಗ ಅದೇ, ಪುಲ್ಲಿ ಅದೇ, ಬಾಲದಲ್ಲಿ ಪಂಪೂ ಇದೆ. ತಗಡಿನ ಅಂಕಿ ನಂಬದೆ ಬೆಂಚಿನ ಮೇಲೆ 2000ದಲ್ಲಿ ತಿರುಗಿಸಿ, 60 ಬಂದಮೇಲೆ ಹಾಕಿದೆ. ಕಾರಿನಲ್ಲಿ ಬಿಸಿ ಐಡಲಿನಲ್ಲಿ 52. 1800ರ ಓಟದಲ್ಲಿ 80ರ ಹತ್ತಿರ. ಅಂದರೆ ಮಳೆ ರಾತ್ರಿ ಎಲ್ಲ ಹಾಕಿಕೊಂಡು ಓಡುವಾಗಲೂ ಬ್ಯಾಟರಿಗೆ 15 ಉಳಿಯುತ್ತದೆ. ನಿಂತಾಗ 13 ಸಾಲ. ಎರಡು ಗಂಟೆ ಜಾಮಾದರೂ 26, ಬ್ಯಾಟರಿ ತಡೆಯುತ್ತದೆ. ಆಂಪ್ಲಿಫೈಯರ್ ಆರಿಸಿ, ಬ್ಲೋವರ್ ಒಂದು ಮೆಟ್ಟಿಲು ಇಳಿಸಿದರೆ ಸಾಲ ಅರ್ಧ. ಹಾಕುವ ಮುಂಚೆ ಬ್ಯಾಟರಿಯನ್ನು ಒಂದು ರಾತ್ರಿ ಹೊರಗಿನ ಚಾರ್ಜರಿಗೆ ಕೊಟ್ಟಿದ್ದೆ. ಖಾಲಿ ಬ್ಯಾಟರಿ ತುಂಬಿಸುವ ಕೆಲಸ ಹೊಸ ಆಲ್ಟರ್ನೇಟರ್ ಮೇಲೆ ಹೇರಿದರೆ ಮೊದಲ ದಿನವೇ ಅದನ್ನು ಬೇಯಿಸಿದಂತೆ.

ಈ ಕೇಸಿನಲ್ಲಿ ಎಲ್ಲರೂ ಕೇಳಿದ ಒಂದು ಅನುಮಾನ: ಜಾಸ್ತಿ ಆಂಪಿಯರ್ ಹಾಕಿದರೆ ಸ್ಟೀರಿಯೋ, ಬಲ್ಬು ಸುಡುವುದಿಲ್ಲವಾ? ಇಲ್ಲ. ವೋಲ್ಟನ್ನು ರೆಗ್ಯುಲೇಟರ್ ಹಿಡಿದಿಡುತ್ತದೆ. ಬಾವಿ ದೊಡ್ಡದಾದರೆ ಕೊಡ ಒಡೆಯುವುದಿಲ್ಲ, ಕೊಡ ತನಗೆ ಬೇಕಾದಷ್ಟೇ ತೆಗೆದುಕೊಳ್ಳುತ್ತದೆ. ರೆಗ್ಯುಲೇಟರ್ ಕೆಟ್ಟರೆ 75ರದ್ದೂ ಸುಡುತ್ತದೆ.

ಐದು ದಿನ ಶೆಡ್ಡಿನಲ್ಲಿ ನಿಂತ ಕಾರಿನ ಬ್ಯಾಟರಿ ಮುಂಚೆ ಶನಿವಾರ ಬೆಳಿಗ್ಗೆ 12.1 ತೋರಿಸುತ್ತಿತ್ತು. ಈಗ 12.6. ಮುಂದಿನ ಮಳೆಗಾಲದಲ್ಲಿ ಅದೇ ಘಾಟಿಯಲ್ಲಿ ಮತ್ತೆ ಒಂದೂವರೆ ಗಂಟೆ ನಿಂತರಂತೆ. ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸಿದ್ದ ಚಿಕ್ಕ ವೋಲ್ಟ್‌ಮೀಟರಿನ ಫೋಟೋ ಅಲ್ಲಿಂದಲೇ ಕಳಿಸಿದರು. ಬಸ್ಸು ಬಿಟ್ಟು ಹೋದ ಮೇಲೆ ಇನ್ನೊಂದು ಬರುತ್ತಾ ಅಂತ ಕಾಯುವವರ ಹಾಗೆ ಪ್ರತಿ ಕಾಲು ಗಂಟೆಗೆ ಒಂದು ಫೋಟೋ. ಕೊನೆಯದರಲ್ಲಿ 12.3. ಸೆಲ್ಫ್ ಹೊಡೆಯಲು ಧಾರಾಳ ಸಾಕು. ‘ಹಾಡು ಆಫ್ ಮಾಡಿಸಿದ್ದೇನೆ, ಮಗ ಸಿಟ್ಟಾಗಿದ್ದಾನೆ’ ಅಂತ ಕೆಳಗೆ ಬರೆದಿದ್ದರು.

ಬಾನೆಟ್ ಒಳಗೆ ಒಂದು ಬಿಳಿ ಟೇಪ್ ಅಂಟಿಸಿ ‘ಬಿಸಿ ಐಡಲ್: 52’ ಅಂತ ಮಾರ್ಕರಿನಲ್ಲಿ ಬರೆದಿದ್ದೇನೆ. ಮುಂದೆ ಯಾರಾದರೂ ಇನ್ನೊಂದು ಲೈಟು ಸೇರಿಸಲು ಹೊರಟರೆ ಕಣ್ಣಿಗೆ ಬೀಳಲಿ ಅಂತ. ಗೋಣಿಚೀಲದ 120 ಮಾತ್ರ ಇನ್ನೂ ನನ್ನ ಬೆಂಚಿನ ಕೆಳಗೇ ಇದೆ. ಗುಜರಿಗೆ ಹಾಕಲಾ ಅಂತ ಕೇಳಿದಾಗೆಲ್ಲ ಮೇಷ್ಟ್ರು ‘ಇರಲಿ ನೋಡೋಣ’ ಅಂತಾರೆ.